ಸಾವಯವ ಬೆಲ್ಲಕ್ಕೆ ಸರ್ಕಾರದ ನೆರವು: ಗದ್ದೆಯಿಂದ ಗಿರಾಕಿಯವರೆಗೆ ಎಲ್ಲಿ ಸಿಗುತ್ತದೆ, ಎಲ್ಲಿ ಕೈಬಿಡುತ್ತದೆ

ಮಂಡ್ಯ ಸೀಮೆಯಲ್ಲಿ ಎರಡು ಎಕರೆ ಕಬ್ಬು ಇರುವ ರೈತರೊಬ್ಬರು ರಸಗೊಬ್ಬರ, ಕಳೆನಾಶಕ ಬಿಟ್ಟು ಬೆಳೆದು, ಆಲೆಮನೆಯಲ್ಲಿ ಬಣ್ಣ ಬರಿಸುವ ಹೈಡ್ರೋಸ್ ಪುಡಿ ಹಾಕಿಸದೆ ಬೆಲ್ಲ ಮಾಡಿಸಿದರು ಎನ್ನಿ. ಬೆಲ್ಲ ಕಡುಕಂದು ಬಣ್ಣಕ್ಕೆ ಬರುತ್ತದೆ. ಅದನ್ನು ಎಪಿಎಂಸಿ ಮಂಡಿಗೆ ಒಯ್ದರೆ ಅಲ್ಲಿ ಬೆಲೆ ಕಟ್ಟುವುದು ಬಣ್ಣ ಮತ್ತು ಗಟ್ಟಿತನ ನೋಡಿ. ಹೊಂಬಣ್ಣದ ಅಚ್ಚಿಗೆ ಒಳ್ಳೆಯ ರೇಟು, ಕಪ್ಪು ಅಚ್ಚಿಗೆ ಕಡಿಮೆ. ಮೂರು ವರ್ಷ ಮೈಮುರಿದು ಮಣ್ಣು ಸರಿಮಾಡಿಕೊಂಡವರಿಗೆ ಸಿಗುವುದು, ಏನೂ ಮಾಡದ ಪಕ್ಕದವರಿಗಿಂತ ಕಡಿಮೆ ದುಡ್ಡು.

ಹಾಗಾದರೆ ಸಾವಯವಕ್ಕೆ ಸರ್ಕಾರ ಅಷ್ಟೊಂದು ಯೋಜನೆ ಮಾಡಿದೆಯಲ್ಲ, ಅದೆಲ್ಲ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಬೆಳೆಯುವುದಕ್ಕೆ ಒಂದು ಯೋಜನೆ ಇದೆ, ಅದು ಕೃಷಿ ಇಲಾಖೆಯದು. ಬೆಳೆದದ್ದನ್ನು ಬೆಲ್ಲ, ಪುಡಿ, ಉಪ್ಪಿನಕಾಯಿ ಮಾಡುವುದಕ್ಕೆ ಇನ್ನೊಂದಿದೆ, ಅದು ಕೇಂದ್ರದ ಆಹಾರ ಸಂಸ್ಕರಣಾ ಸಚಿವಾಲಯದ್ದು. ಮಾರುವುದಕ್ಕೆ ಸಹಕಾರ, ತೋಟಗಾರಿಕೆ, ವಾಣಿಜ್ಯ ಎಂದು ಹಲವು ಬಾಗಿಲು. ಒಂದು ಬಾಗಿಲಲ್ಲಿ ಕೊಟ್ಟ ಕಾಗದ ಇನ್ನೊಂದರಲ್ಲಿ ನಡೆಯುತ್ತದೆ ಎಂಬ ಖಾತ್ರಿ ಇಲ್ಲ. ಈ ಮೂರನ್ನೂ ಜೋಡಿಸಿಕೊಳ್ಳುವ ಕೆಲಸ ಕೊನೆಗೆ ರೈತರ ತಲೆಗೇ ಬರುತ್ತದೆ. ಅದಕ್ಕೇ ಮೇಲಿನ ಬೆಲ್ಲದ ಅಚ್ಚನ್ನೇ ಹಿಡಿದುಕೊಂಡು ಒಂದೊಂದು ಬಾಗಿಲೂ ನೋಡೋಣ.

ಗದ್ದೆಗೆ ಬರುವ ದುಡ್ಡು

ಸಾವಯವ ಕೃಷಿಗೆಂದೇ ನೀತಿ ರೂಪಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ. ಅದು 2004ರ ಮಾತು. 2013-14ರಲ್ಲಿ 'ಸಾವಯವ ಭಾಗ್ಯ' ಬಂತು. ಹೋಬಳಿಗೊಂದು ಕಡೆ ಕನಿಷ್ಠ ನೂರು ಹೆಕ್ಟೇರ್ ಒಟ್ಟಾಗಿ ಗುರುತಿಸಿ, ಅಲ್ಲಿನ ರೈತರ ಸಂಘ ಕಟ್ಟಿ, ಸಂಘಗಳನ್ನು ಪ್ರಾಂತೀಯ ಒಕ್ಕೂಟಗಳಿಗೆ ಸೇರಿಸುವುದು ಅದರ ಲೆಕ್ಕಾಚಾರ. 2017ರಲ್ಲಿ ನೀತಿಯನ್ನು ಪರಿಷ್ಕರಿಸಿದರು.

ಈಗ ರೈತರಿಗೆ ಹೆಚ್ಚಾಗಿ ಎದುರಾಗುವುದು ಕೇಂದ್ರದ 'ಪರಂಪರಾಗತ ಕೃಷಿ ವಿಕಾಸ ಯೋಜನೆ'. 2015-16ರಲ್ಲಿ ಶುರುವಾದದ್ದು. ಒಬ್ಬೊಬ್ಬರಿಗೆ ಅಲ್ಲ, ಒತ್ತೊತ್ತಾಗಿ ಜಮೀನಿರುವವರ ಗುಂಪಿಗೆ ಕೊಡುವ ನೆರವು. ಪರಿಷ್ಕೃತ ಮಾರ್ಗಸೂಚಿಯ ಪ್ರಕಾರ ಹೆಕ್ಟೇರಿಗೆ ಮೂರು ವರ್ಷಕ್ಕೆ 31,500 ರೂಪಾಯಿ. ಇದರಲ್ಲಿ 15,000 ಸಾವಯವ ಗೊಬ್ಬರ, ಜೀವಾಣು ಮುಂತಾದ ಒಳಸುರಿಗೆಂದು ರೈತರ ಖಾತೆಗೇ ಬರುತ್ತದೆ. 3,000 ಪ್ರಮಾಣೀಕರಣಕ್ಕೆ ಮತ್ತು ರಾಸಾಯನಿಕ ಶೇಷದ ಪರೀಕ್ಷೆಗೆ, 9,000 ತರಬೇತಿಗೆ. ಪ್ಯಾಕಿಂಗ್, ಬ್ರ್ಯಾಂಡಿಂಗ್, ಮೌಲ್ಯವರ್ಧನೆ, ಮಾರಾಟ ಎಲ್ಲಕ್ಕೂ ಸೇರಿ ಉಳಿಯುವುದು 4,500. ಒಬ್ಬರಿಗೆ ಎರಡು ಹೆಕ್ಟೇರ್ ಮಿತಿ.

ನಮ್ಮ ಎರಡು ಎಕರೆಯವರ ಪಾಲಿಗೆ ಇದನ್ನು ಇಳಿಸಿ ನೋಡಿ. ಎರಡು ಎಕರೆ ಎಂದರೆ 0.8 ಹೆಕ್ಟೇರ್. ಒಳಸುರಿಗೆ ವರ್ಷಕ್ಕೆ ಸುಮಾರು 4,000 ರೂಪಾಯಿ ಕೈಗೆ ಬರುತ್ತದೆ. ಮಾರಾಟದ ಬಾಬ್ತಿಗೆ ಅವರ ಪಾಲು ವರ್ಷಕ್ಕೆ 1,200, ಅದೂ ಅವರ ಕೈಗಲ್ಲ, ಗುಂಪಿನ ಖರ್ಚಿಗೆ. ಒಟ್ಟು ನೆರವಿನಲ್ಲಿ ಏಳರಲ್ಲಿ ಒಂದು ಪಾಲು ಮಾತ್ರ ಮಾರುವ ಕಡೆಗೆ ಎಂದಾಯಿತು. ಬೆಳೆಯುವುದು ಕಷ್ಟ, ಮಾರುವುದು ತಾನಾಗಿಯೇ ಆಗುತ್ತದೆ ಎಂದು ನಂಬಿದವರು ಮಾಡಿದ ಹಂಚಿಕೆ ಇದು. ಅನುಭವ ಇದರ ತಿರುಗುಮುರುಗು.

ಇನ್ನೊಂದು ತೊಡಕು ಕಾಲದ್ದು. ರಾಸಾಯನಿಕ ಬಿಟ್ಟ ಮರುದಿನವೇ ಜಮೀನು ಸಾವಯವ ಆಗುವುದಿಲ್ಲ. ರಾಷ್ಟ್ರೀಯ ಮಾನದಂಡದಲ್ಲಿ ವಾರ್ಷಿಕ ಬೆಳೆಗೆ ಬಿತ್ತನೆಗೆ ಮುಂಚೆ ಕನಿಷ್ಠ ಎರಡು ವರ್ಷ, ಬಹುವಾರ್ಷಿಕ ಬೆಳೆಗೆ ಮೊದಲ ಕೊಯ್ಲಿಗೆ ಮುಂಚೆ ಮೂರು ವರ್ಷ ಪರಿವರ್ತನೆಯ ಅವಧಿ. ಕಬ್ಬು ನಾಟಿಯಿಂದ ಕಟಾವಿಗೆ ಒಂದು ವರ್ಷ ಬೇಕು. ಎರಡೂ ಕೂಡಿಸಿದರೆ ಮೂರು ವರ್ಷ. ಅಂದರೆ 'ಸಾವಯವ' ಎಂದು ಹೇಳಿ ಮಾರಬಹುದಾದ ಮೊದಲ ಬೆಲ್ಲ ಕೊಪ್ಪರಿಗೆಯಿಂದ ಇಳಿಯುವ ಹೊತ್ತಿಗೆ ಸರಿಯಾಗಿ ಸರ್ಕಾರದ ನೆರವು ಮುಗಿದಿರುತ್ತದೆ.

ನೈಸರ್ಗಿಕ ಕೃಷಿಗೆಂದು 2024ರ ನವೆಂಬರಿನಲ್ಲಿ 2,481 ಕೋಟಿ ರೂಪಾಯಿಯ ಬೇರೆಯೇ ರಾಷ್ಟ್ರೀಯ ಮಿಷನ್‌ಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಹೆಸರು ಕೇಳಿದರೆ ಎರಡೂ ಒಂದೇ ಅನ್ನಿಸುತ್ತದೆ. ಕಚೇರಿಯಲ್ಲಿ ಎರಡರ ಫೈಲೂ ಬೇರೆ, ನಿಯಮವೂ ಬೇರೆ. ಅರ್ಜಿ ಹಾಕುವಾಗ ಯಾವುದಕ್ಕೆ ಸಹಿ ಮಾಡುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು.

ಸರ್ಟಿಫಿಕೇಟ್ ಯಾರ ಹೆಸರಿನಲ್ಲಿದೆ?

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಭಾರತದಲ್ಲಿ ಸಾವಯವಕ್ಕೆ ಎರಡು ಬಗೆಯ ದೃಢೀಕರಣ ನಡೆಯುತ್ತದೆ.

ಮೊದಲನೆಯದು ಎನ್‌ಪಿಒಪಿ, ಅಂದರೆ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ. 2001ರಿಂದ ಇದೆ, ವಾಣಿಜ್ಯ ಸಚಿವಾಲಯದ ಅಡಿಯಲ್ಲಿ ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾ ನಡೆಸುತ್ತದೆ. ರಫ್ತನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ವ್ಯವಸ್ಥೆ. ರೈತರಲ್ಲದ, ವ್ಯಾಪಾರಿಯೂ ಅಲ್ಲದ ಮೂರನೆಯ ಸಂಸ್ಥೆಯೊಂದು ಬಂದು ಜಮೀನು, ದಾಖಲೆ, ಉಗ್ರಾಣ ತಪಾಸಣೆ ಮಾಡುತ್ತದೆ. ಕರ್ನಾಟಕದಲ್ಲಿ ಈ ಕೆಲಸಕ್ಕೆ ಖಾಸಗಿ ಸಂಸ್ಥೆಗಳ ಜೊತೆ ಸರ್ಕಾರದ್ದೇ ಆದ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯೂ ಇದೆ. ಸಣ್ಣ ರೈತರು ಒಬ್ಬೊಬ್ಬರೇ ಶುಲ್ಕ ಕಟ್ಟಲಾಗದ ಕಾರಣ 25ರಿಂದ 500 ಮಂದಿಯವರೆಗೆ ಗುಂಪಾಗಿ, ಒಳಗೇ ಒಂದು ತಪಾಸಣಾ ವ್ಯವಸ್ಥೆ ಇಟ್ಟುಕೊಂಡು ಪ್ರಮಾಣಪತ್ರ ಪಡೆಯಲು ಅವಕಾಶ ಇದೆ.

ಎರಡನೆಯದು ಪಿಜಿಎಸ್, ಅಂದರೆ ರೈತರೇ ಒಬ್ಬರಿಗೊಬ್ಬರು ಖಾತರಿ ಕೊಡುವ ವ್ಯವಸ್ಥೆ. ಇದು ಕೃಷಿ ಸಚಿವಾಲಯದ್ದು, ದೇಶದೊಳಗಿನ ಮಾರುಕಟ್ಟೆಗೆ. ಅಕ್ಕಪಕ್ಕದ ಕನಿಷ್ಠ ಐದು ರೈತರು ಗುಂಪು ಮಾಡಿಕೊಂಡು, ಒಬ್ಬರ ಜಮೀನನ್ನು ಇನ್ನೊಬ್ಬರು ನೋಡಿ, ಸಭೆ ನಡೆಸಿ, ನಡಾವಳಿ ಬರೆದಿಟ್ಟು, ಪ್ರಾದೇಶಿಕ ಮಂಡಳಿಯ ಮೂಲಕ ದೃಢೀಕರಿಸಿಕೊಳ್ಳುವ ಕ್ರಮ. ಪರಿವರ್ತನೆಯಲ್ಲಿರುವಾಗ 'ಪಿಜಿಎಸ್ ಗ್ರೀನ್', ಪೂರ್ತಿಯಾದ ಮೇಲೆ 'ಪಿಜಿಎಸ್ ಆರ್ಗ್ಯಾನಿಕ್'. ಖರ್ಚು ಕಡಿಮೆ, ಕಾಗದ ಕಡಿಮೆ. ರಫ್ತಿಗೆ ಮಾತ್ರ ನಡೆಯುವುದಿಲ್ಲ. ಊರಲ್ಲಿ ಯಾರು ರಾತ್ರೋರಾತ್ರಿ ಯೂರಿಯಾ ಎರಚಿದರು ಎಂಬುದು ಮೂರನೆಯವರಿಗಿಂತ ಪಕ್ಕದ ಗದ್ದೆಯವರಿಗೇ ಚೆನ್ನಾಗಿ ಗೊತ್ತು ಎನ್ನುವುದೇ ಇದರ ಬಲ. ಗೊತ್ತಿದ್ದರೂ ಊರಿನ ಮುಲಾಜಿಗೆ ಬಾಯಿ ಬಿಡುವುದಿಲ್ಲ ಎನ್ನುವುದೇ ಇದರ ದೌರ್ಬಲ್ಯ.

ಯೋಜನೆಯಡಿ ಗುಂಪಿಗೆ ಸೇರಿದ ರೈತರು "ನನ್ನ ಹತ್ತಿರ ಸಾವಯವ ಸರ್ಟಿಫಿಕೇಟ್ ಇದೆ" ಎನ್ನುತ್ತಾರೆ. ಎನ್‌ಪಿಒಪಿ ಗುಂಪಿನಲ್ಲಿ ಆ ಪತ್ರ ಗುಂಪಿನ ಹೆಸರಿನಲ್ಲಿರುತ್ತದೆ, ಸದಸ್ಯರ ಹೆಸರು ಅದರ ಪಟ್ಟಿಯಲ್ಲಿರುತ್ತದೆ. ಗುಂಪಿನಿಂದ ಹೊರಗೆ, ತಾವೊಬ್ಬರೇ, ಆ ಪತ್ರ ತೋರಿಸಿ ಮಾರುವಂತಿಲ್ಲ. ಅಷ್ಟೇ ಅಲ್ಲ, ಮಾಲು ಕೈ ಬದಲಾಯಿಸುವಾಗ ಆ ಮಾಲಿಗೆಂದೇ 'ವಹಿವಾಟು ಪ್ರಮಾಣಪತ್ರ' ಬೇಕು. ಜಮೀನಿಗೆ ಪತ್ರ ಇದೆ, ಈ ಹತ್ತು ಕ್ವಿಂಟಲಿಗೆ ಇಲ್ಲ ಎಂದರೆ ಖರೀದಿಸುವ ಕಂಪನಿಗೆ ಅದು ಸಾವಯವ ಅಲ್ಲ. ಗುಂಪು ಕಟ್ಟಿದ ಸಂಸ್ಥೆ ಮೂರು ವರ್ಷ ಮುಗಿಸಿ ಹೊರಟುಹೋದರೆ ನವೀಕರಣ ನಿಲ್ಲುತ್ತದೆ, ಆಮೇಲೆ ಪತ್ರ ಗೋಡೆಗೆ ಚೆನ್ನ.

ವಿದೇಶದ ಆಸೆ ಇಟ್ಟುಕೊಂಡವರಿಗೆ ಒಂದು ಮಾತು. ಅಮೆರಿಕ ನಮ್ಮ ಎನ್‌ಪಿಒಪಿಗೆ ಕೊಟ್ಟಿದ್ದ ಮನ್ನಣೆಯನ್ನು 2021ರಲ್ಲಿ ಹಿಂತೆಗೆದುಕೊಂಡಿತು. ಅಲ್ಲಿಗೆ ಕಳಿಸುವ ಮಾಲಿಗೆ ಅಲ್ಲಿನದೇ ಮಾನದಂಡದ ಪ್ರಮಾಣಪತ್ರ ಪ್ರತ್ಯೇಕವಾಗಿ ಬೇಕು. ನ್ಯೂಜೆರ್ಸಿಯಲ್ಲಿರುವ ಸಂಬಂಧಿಕರು "ಇಲ್ಲಿ ನಮ್ಮೂರ ಬೆಲ್ಲಕ್ಕೆ ಬಹಳ ಬೇಡಿಕೆ" ಅಂದರು ಎಂದು ಎರಡು ಎಕರೆಯವರು ಎನ್‌ಪಿಒಪಿ ಖರ್ಚಿಗೆ ಇಳಿಯುವುದು ಬೇಡ.

ಆಲೆಮನೆಯಲ್ಲಿ ತುಂಡಾಗುವ ಸರಪಳಿ

ಕಬ್ಬು ಸಾವಯವ ಎಂದು ದೃಢವಾಯಿತು. ಅದನ್ನು ಊರಿನ ಆಲೆಮನೆಗೆ ಹಾಕಿದಿರಿ. ಅದೇ ಗಾಣದಲ್ಲಿ ಬೆಳಿಗ್ಗೆ ಬೇರೆಯವರ ಕಬ್ಬು ಅರೆದಿದ್ದಾರೆ, ಅದೇ ಕೊಪ್ಪರಿಗೆಯಲ್ಲಿ ಹೈಡ್ರೋಸ್ ಬಿದ್ದ ಪಾಕ ಕುದಿದಿದೆ. ನಿಮ್ಮ ಬೆಲ್ಲ ಎಷ್ಟೇ ಶುದ್ಧವಾಗಿದ್ದರೂ ದಾಖಲೆಯಲ್ಲಿ ಅದು ಸಾವಯವ ಬೆಲ್ಲ ಅಲ್ಲ, ಸಾವಯವ ಕಬ್ಬಿನ ಮಾಮೂಲಿ ಬೆಲ್ಲ. ಎನ್‌ಪಿಒಪಿಯಲ್ಲಿ ಸಂಸ್ಕರಣಾ ಘಟಕಕ್ಕೂ ಪ್ರಮಾಣಪತ್ರ ಬೇಕು. ರಾಗಿ ಹಿಟ್ಟಿನ ಗಿರಣಿ, ಎಣ್ಣೆ ಗಾಣ, ಅರಿಶಿನ ಪಾಲಿಶ್ ಮಾಡುವ ಯಂತ್ರ, ಎಲ್ಲದರ ಕಥೆಯೂ ಇದೇ. ಮೌಲ್ಯವರ್ಧನೆ ಮಾಡಿ ಎಂದು ಹೇಳುವ ಅಧಿಕಾರಿಗಳು ಈ ಒಂದು ಸಂಗತಿಯನ್ನು ಮೊದಲೇ ಹೇಳಿದರೆ ಎಷ್ಟೋ ಜನರ ನಿರಾಸೆ ತಪ್ಪುತ್ತದೆ.

ಹೈಡ್ರೋಸ್ ಎಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಬೆಲ್ಲಕ್ಕೆ ಹೊಂಬಣ್ಣ ಬರಿಸಲು ಹಾಕುವ ಪುಡಿ. ಆಹಾರ ಸುರಕ್ಷತಾ ನಿಯಮದಲ್ಲಿ ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಕೆಜಿಗೆ 70 ಮಿಲಿಗ್ರಾಂ ಮೀರಬಾರದು. ಮಾಮೂಲಿ ಬೆಲ್ಲಕ್ಕೆ ಇದು ಮಿತಿ, ಸಾವಯವದಲ್ಲಿ ಆ ಪುಡಿಗೇ ಜಾಗವಿಲ್ಲ. ಕಲ್ಮಶ ತೆಗೆಯಲು ಬೆಂಡೆ ಗಿಡದ ಲೋಳೆ, ಸುಣ್ಣದ ತಿಳಿ ಬಳಸುತ್ತಾರೆ. ಬಣ್ಣ ಮಾತ್ರ ಕಂದೇ. ಗಿರಾಕಿಗೆ ಇದು ಗೊತ್ತಿಲ್ಲದಿದ್ದರೆ "ಇದೇನ್ರೀ, ಹಳೇ ಬೆಲ್ಲ ಕೊಟ್ಟಿದ್ದೀರಿ" ಅನ್ನುತ್ತಾರೆ.

ಸ್ವಂತ ಆಲೆಮನೆ ಅಥವಾ ಗುಂಪಿನ ಆಲೆಮನೆ ಹಾಕುವುದಕ್ಕೆ ಇರುವ ದಾರಿ ಪಿಎಂಎಫ್‌ಎಂಇ, ಅಂದರೆ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳನ್ನು ಕ್ರಮಬದ್ಧಗೊಳಿಸುವ ಪ್ರಧಾನಮಂತ್ರಿ ಯೋಜನೆ. 2020ರ ಜೂನ್‌ನಲ್ಲಿ ಹತ್ತು ಸಾವಿರ ಕೋಟಿ ರೂಪಾಯಿಯ ಅಂದಾಜಿನಲ್ಲಿ ಬಂತು. ಐದು ವರ್ಷಕ್ಕೆಂದು ಹೊರಟು 2025-26ರವರೆಗೆ ವಿಸ್ತರಣೆಯಾಯಿತು, ಹಾಗಾಗಿ ಅರ್ಜಿಗೆ ಮುಂಚೆ ಈ ವರ್ಷದ ಆದೇಶ ಏನಿದೆ ಎಂದು ಕೇಳಿಕೊಳ್ಳಿ. ಜಿಲ್ಲೆಗೊಂದು ಉತ್ಪನ್ನಕ್ಕೆ ಇದರಲ್ಲಿ ಆದ್ಯತೆ: ಮಂಡ್ಯಕ್ಕೆ ಬೆಲ್ಲ, ತುಮಕೂರಿಗೆ ತೆಂಗು, ಚಾಮರಾಜನಗರಕ್ಕೆ ಅರಿಶಿನ, ಕೋಲಾರಕ್ಕೆ ಟೊಮೆಟೊ, ಶಿವಮೊಗ್ಗಕ್ಕೆ ಅನಾನಸ್, ವಿಜಯಪುರಕ್ಕೆ ನಿಂಬೆ. ರಾಜ್ಯದಲ್ಲಿ ಇದರ ಹೊಣೆ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತಿನ ಸರ್ಕಾರಿ ನಿಗಮವಾದ ಕೆಪೆಕ್‌ನದ್ದು.

ಕೇಂದ್ರದ ಸಹಾಯಧನ ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ. ಕರ್ನಾಟಕ ತನ್ನ ಕಡೆಯಿಂದ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷ ಮಾಡಿದೆ. "ಅರ್ಧ ದುಡ್ಡು ಸರ್ಕಾರವೇ ಕೊಡುತ್ತೆ" ಎಂದು ಊರಲ್ಲಿ ಹಬ್ಬುವುದು ಇಷ್ಟು. ಹಬ್ಬದೆ ಉಳಿಯುವುದು ಇದು: ಹತ್ತು ಲಕ್ಷದ ಆಲೆಮನೆಗೆ ಕನಿಷ್ಠ ಒಂದು ಲಕ್ಷ ನಿಮ್ಮ ಕೈಯಿಂದ, ಉಳಿದ ಒಂಬತ್ತು ಲಕ್ಷ ಬ್ಯಾಂಕ್ ಸಾಲ. ಸಹಾಯಧನ ನಿಮ್ಮ ಖಾತೆಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ನಿಮ್ಮ ಹೆಸರಿನ ಪ್ರತ್ಯೇಕ ಖಾತೆಯಲ್ಲಿ ಕೂತಿರುತ್ತದೆ. ಸಾಲದ ಕೊನೆಯ ಕಂತು ಕೊಟ್ಟು ಮೂರು ವರ್ಷದ ಮೇಲೂ ಘಟಕ ನಡೆಯುತ್ತಿದ್ದು, ಸಾಲ ಸುಸ್ತಿಯಾಗದೆ ಇದ್ದರೆ ಆಗ ಅದನ್ನು ಸಾಲಕ್ಕೆ ಜಮಾ ಮಾಡುತ್ತಾರೆ. ಬ್ಯಾಂಕ್ ಮ್ಯಾನೇಜರ್ ಒಪ್ಪದಿದ್ದರೆ ಯೋಜನೆಯೇ ಇಲ್ಲ. ಜಾಗ ಕೊಳ್ಳುವ ಹಣವನ್ನು ಯೋಜನಾ ವೆಚ್ಚಕ್ಕೆ ಸೇರಿಸುವಂತಿಲ್ಲ. ಅರ್ಜಿ, ಯೋಜನಾ ವರದಿ, ಪರವಾನಗಿಗೆ ಓಡಾಡಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಎಂಬವರನ್ನು ನೇಮಿಸಿದ್ದಾರೆ, ಅವರ ಸಂಭಾವನೆಯನ್ನು ಯೋಜನೆಯಿಂದಲೇ ಕೊಡುತ್ತಾರೆ. 'ವರದಿ ಮಾಡಿಕೊಡ್ತೀನಿ, ಇಷ್ಟು ಪರ್ಸೆಂಟ್ ಕೊಡಿ' ಎನ್ನುವ ಮಧ್ಯವರ್ತಿಗಳ ಹಂಗು ಬೇಕಿಲ್ಲ. ಸ್ವಸಹಾಯ ಸಂಘದ ಹೆಂಗಸರಿಗೆ ಸದಸ್ಯರೊಬ್ಬರಿಗೆ 40,000 ರೂಪಾಯಿವರೆಗೆ ಬೀಜಧನ ಇದೆ, ಚಿಕ್ಕದಾಗಿ ಶುರುಮಾಡುವವರಿಗೆ ನನ್ನ ದೃಷ್ಟಿಯಲ್ಲಿ ಇದು ಹೆಚ್ಚು ಸುರಕ್ಷಿತ ದಾರಿ.

ಸಾಲಕ್ಕೆ ಕೈಹಾಕುವ ಮೊದಲು ಒಂದು ಲೆಕ್ಕ ಮಾಡಿಕೊಳ್ಳಬೇಕು. ಒಂದು ಟನ್ ಕಬ್ಬಿಗೆ ಹೆಚ್ಚೂಕಡಿಮೆ ನೂರು ಕೆಜಿ ಬೆಲ್ಲ. 2025-26ರ ಹಂಗಾಮಿಗೆ ಶೇ 10.25 ಸಕ್ಕರೆ ಇಳುವರಿಯ ಕಬ್ಬಿಗೆ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಸಕ್ಕರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ, ಕ್ವಿಂಟಲಿಗೆ 355 ರೂಪಾಯಿ, ಟನ್ನಿಗೆ 3,550. ಹಾಗಾಗಿ ಬೆಲ್ಲ ಕೆಜಿಗೆ 35 ರೂಪಾಯಿ ಬಂದರೂ ಬಂದದ್ದು ಬರೀ ಕಬ್ಬಿನ ದುಡ್ಡು. ಗಾಣದವರ ಕೂಲಿ, ಪಾಕ ಇಳಿಸುವವರ ಕೂಲಿ, ಒಲೆಗೆ ಕಬ್ಬಿನ ರಚ್ಚು (ಅರೆದುಳಿದ ಸಿಪ್ಪೆ) ಸಾಲದಾಗ ಕೊಳ್ಳುವ ಸೌದೆ, ಡಬ್ಬಿ, ಲೇಬಲ್, ಸಾಗಣೆ, ಬ್ಯಾಂಕಿನ ಕಂತು ಎಲ್ಲ ಅದರ ಮೇಲೆ. ಮಂಡಿಯ ಸಗಟು ದರದಲ್ಲಿ ಇಷ್ಟೆಲ್ಲ ಹೊರುವುದು ಕಷ್ಟ. ಆಲೆಮನೆಯ ಸಾಲ ತೀರಬೇಕಾದರೆ ಬೆಲ್ಲ ನೇರವಾಗಿ ತಿನ್ನುವವರ ಮನೆಗೆ ಹೋಗಲೇಬೇಕು.

ಗಿರಾಕಿ ಎದುರಿಗಿದ್ದರೆ ನಿಯಮ ಸಡಿಲ

ಸಾವಯವ ಆಹಾರಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2017ರಲ್ಲಿ ನಿಯಮ ತಂದಿತು. ಅಂಗಡಿಯಲ್ಲಿ 'ಸಾವಯವ' ಎಂದು ಬರೆದು ಮಾರಬೇಕಾದರೆ ಎನ್‌ಪಿಒಪಿ ಅಥವಾ ಪಿಜಿಎಸ್ ದೃಢೀಕರಣ ಬೇಕು, ಪೊಟ್ಟಣದ ಮೇಲೆ 'ಜೈವಿಕ್ ಭಾರತ್' ಲಾಂಛನ ಇರಬೇಕು. ಇದೇ ನಿಯಮದಲ್ಲಿ ಒಂದು ಕಿಟಕಿ ತೆರೆದಿಟ್ಟಿದ್ದಾರೆ: ಬೆಳೆದವರು ಅಥವಾ ಬೆಳೆದವರ ಸಂಘ ತಾವೇ ನೇರವಾಗಿ ಬಳಕೆದಾರರಿಗೆ ಮಾರಿದರೆ ಈ ದೃಢೀಕರಣ ಬೇಕಿಲ್ಲ. ಸಣ್ಣವರಿಗೆ ಮಾತ್ರ ಈ ವಿನಾಯಿತಿ, ವರ್ಷದ ವಹಿವಾಟು 12 ಲಕ್ಷ ರೂಪಾಯಿ ಎಂಬುದು ಪ್ರಾಧಿಕಾರ ಇಟ್ಟ ಗೆರೆ. ಲಾಂಛನ ಮಾತ್ರ ಹಾಕಿಕೊಳ್ಳುವಂತಿಲ್ಲ.

ನಮ್ಮ ಎರಡು ಎಕರೆಯವರ ಪಾಲಿಗೆ ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಉಪಯೋಗದ ಸಾಲು ಇನ್ನೊಂದಿಲ್ಲ. ಮೈಸೂರಿನ ಬಡಾವಣೆಯೊಂದರ ಭಾನುವಾರದ ಸಂತೆಯಲ್ಲಿ ಅವರು ತಮ್ಮ ಬೆಲ್ಲವನ್ನು ಸಾವಯವ ಎಂದು ಹೇಳಿ ಮಾರಬಹುದು, ಆದರೆ ಬೆಲ್ಲದಂಥ ಸಂಸ್ಕರಿಸಿದ ಪದಾರ್ಥಕ್ಕೂ ಈ ವಿನಾಯಿತಿ ನಡೆಯುತ್ತದೆಯೇ ಎಂದು ಮೊದಲೇ ಆಹಾರ ಸುರಕ್ಷತಾ ಅಧಿಕಾರಿಯನ್ನು ಕೇಳಿಕೊಳ್ಳಬೇಕು. ಉಳಿದ ಹತ್ತು ಪೊಟ್ಟಣವನ್ನು ಅದೇ ಬೀದಿಯ ಅಂಗಡಿಯವರಿಗೆ ಕೊಟ್ಟುಬಂದರೆ ವಿನಾಯಿತಿ ಅಲ್ಲಿಗೆ ಮುಗಿಯಿತು, ಏಕೆಂದರೆ ಈಗ ಮಾರುತ್ತಿರುವವರು ಬೆಳೆದವರಲ್ಲ. ಬೆಲ್ಲ ಅದೇ, ಲೇಬಲ್ ಅದೇ, ಮಾರುವ ಕೈ ಬದಲಾದದ್ದಕ್ಕೆ ನಿಯಮ ಬದಲಾಯಿತು.

ದೃಢೀಕರಣದಿಂದ ವಿನಾಯಿತಿ ಎಂದರೆ ಎಲ್ಲದರಿಂದ ಅಲ್ಲ. ಬೆಲ್ಲ ಸಂಸ್ಕರಿಸಿದ ಆಹಾರ, ಹಾಗಾಗಿ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣ ತಯಾರಕರಿಗೆ ಅದು ಆನ್‌ಲೈನಿನಲ್ಲೇ ಆಗುವ, ಕಡಿಮೆ ಶುಲ್ಕದ ಕೆಲಸ. ಮುಂಚೆಯೇ ತೂಗಿ ಪೊಟ್ಟಣ ಕಟ್ಟಿದರೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ದಿನ, ಬ್ಯಾಚ್ ನಂಬರು, ತಯಾರಕರ ವಿಳಾಸ, ನೋಂದಣಿ ಸಂಖ್ಯೆ ಎಲ್ಲ ಲೇಬಲ್ ಮೇಲೆ ಬರಬೇಕು. ತೆರಿಗೆಯ ಮಟ್ಟಿಗೆ ಬಿಡಿ ಬೆಲ್ಲಕ್ಕೆ ಜಿಎಸ್‌ಟಿ ಇಲ್ಲ, ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ್ದಕ್ಕೆ 2022ರ ಜುಲೈನಿಂದ ಶೇ 5. ರಾಜ್ಯದೊಳಗೆ ವರ್ಷಕ್ಕೆ 40 ಲಕ್ಷದವರೆಗೆ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ಅತ್ತಿಬೆಲೆ ದಾಟಿ ಹೊಸೂರಿನ ಅಂಗಡಿಗೆ ಪೊಟ್ಟಣ ಕಳಿಸಿದರೆ ಅದು ಅಂತರರಾಜ್ಯ ವ್ಯಾಪಾರ, ಮಿತಿಯ ಮಾತು ಅಲ್ಲಿ ನಡೆಯುವುದಿಲ್ಲ.

ಮಾರಲು ಜಾಗ ಕೊಡುವುದು ಸರ್ಕಾರ ಮಾಡಬಹುದಾದ ಅತಿ ಅಗ್ಗದ ಸಹಾಯ. ನಮ್ಮವರಿಗೆ ಇದು ಹೊಸದೂ ಅಲ್ಲ. ದ್ರಾಕ್ಷಿ ಬೆಳೆಗಾರರಿಗೆಂದು 1959ರಲ್ಲಿ ತೋಟಗಾರಿಕೆಯ ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ ಹುಟ್ಟಿದ ಸಹಕಾರ ಸಂಘವೇ ಇಂದಿನ ಹಾಪ್‌ಕಾಮ್ಸ್. ಬೆಂಗಳೂರಿನ ಮೂಲೆಮೂಲೆಯಲ್ಲಿ ಅದರ ಮಳಿಗೆಗಳು ನಿಂತದ್ದು ರಸ್ತೆಬದಿಯ ಆಯಕಟ್ಟಿನ ಜಾಗ ಸಿಕ್ಕಿದ್ದರಿಂದ. ಆಂಧ್ರದ ರೈತು ಬಜಾರ್, ತಮಿಳುನಾಡಿನ ಉಳವರ್ ಸಂದೈ ಎರಡೂ 1999ರಲ್ಲಿ ಶುರುವಾಗಿ, ರೈತರು ತಾವೇ ಕೂತು ಮಾರುವ ಖಾಯಂ ಜಾಗಗಳಾಗಿ ಬೆಳೆದವು. ನಮ್ಮಲ್ಲಿ ರೈತಸಂತೆ ಎಂಬ ಮಾತು ಆಗಾಗ ಏಳುತ್ತದೆ, ಒಂದಷ್ಟು ವಾರ ನಡೆಯುತ್ತದೆ. ಗಿರಾಕಿ ಅಭ್ಯಾಸ ಮಾಡಿಕೊಳ್ಳಲು ಬೇಕಾದದ್ದು ಒಂದೇ ಜಾಗ, ವಾರದ ಒಂದೇ ದಿನ, ಒಂದೇ ಹೊತ್ತು. ಬೆಂಗಳೂರಿನಲ್ಲಿ ನಡೆಯುವ ಸಾವಯವ ಮತ್ತು ಸಿರಿಧಾನ್ಯ ಮೇಳಕ್ಕೆ ಸಾವಿರಾರು ಜನ ಬರುತ್ತಾರೆ ನಿಜ. ಮೇಳದಲ್ಲಿ ಬೆಲ್ಲ ರುಚಿ ನೋಡಿದವರು ಮುಂದಿನ ತಿಂಗಳು ಎಲ್ಲಿ ಕೊಳ್ಳಬೇಕು ಎಂಬುದಕ್ಕೆ ಉತ್ತರ ಇರುವುದಿಲ್ಲ.

ಒಬ್ಬರೇ ಪ್ರತಿ ವಾರ ಸಂತೆಗೆ ಹೋಗಲಾರರು, ಅಲ್ಲಿ ಎಫ್‌ಪಿಒ, ಅಂದರೆ ರೈತ ಉತ್ಪಾದಕರ ಸಂಸ್ಥೆ, ನೆರವಿಗೆ ಬರಬಹುದು. 2020ರ ಫೆಬ್ರವರಿಯಲ್ಲಿ ಬಂದ ಹತ್ತು ಸಾವಿರ ಎಫ್‌ಪಿಒ ಯೋಜನೆಯಲ್ಲಿ ಬಯಲುಸೀಮೆಗೆ ಕನಿಷ್ಠ 300 ಸದಸ್ಯರು, ನಿರ್ವಹಣಾ ವೆಚ್ಚಕ್ಕೆ ಮೂರು ವರ್ಷದಲ್ಲಿ 18 ಲಕ್ಷದವರೆಗೆ, ಜೊತೆಗೆ ರೈತರು ಹಾಕುವ ಷೇರು ಹಣಕ್ಕೆ ಸಮನಾದ ಅನುದಾನ. ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡು ಅಲ್ಲಿಗೇ ನಿಂತ ಎಫ್‌ಪಿಒಗಳು ಬಹಳ. ಸದಸ್ಯರ ಮಾಲು ಕೊಂಡು, ಒಂದೇ ಹೆಸರಿನಲ್ಲಿ ಮಾರುವುದಕ್ಕೆ ದುಡಿಯುವ ಬಂಡವಾಳ ಬೇಕು. ಬೆಲ್ಲ ಇಳಿಯುವುದು ಹಂಗಾಮಿನಲ್ಲಿ, ಗಿರಾಕಿ ಕೊಳ್ಳುವುದು ವರ್ಷವಿಡೀ.

ಹೀಗಾಗಿ ಯೋಜನೆಯಿಂದ ಗಿರಾಕಿಯ ಕಡೆಗೆ ನಡೆಯುವ ಬದಲು, ಗಿರಾಕಿಯಿಂದ ಹಿಂದಕ್ಕೆ ನಡೆಯುವುದು ವಾಸಿ. ಮೈಸೂರು, ಬೆಂಗಳೂರಿನ ಐವತ್ತು ಮನೆಗಳಿಗೆ ನೇರ ಮಾರುವುದಾದರೆ, ಬೆಲ್ಲಕ್ಕೂ ಆ ವಿನಾಯಿತಿ ಇದ್ದಲ್ಲಿ ದೊಡ್ಡ ಸರ್ಟಿಫಿಕೇಟ್ ಬೇಡ, ಎಫ್‌ಎಸ್‌ಎಸ್‌ಎಐ ನೋಂದಣಿ ಮತ್ತು ವಾರವಾರ ತಪ್ಪದೆ ಹೋಗುವ ಶಿಸ್ತು ಸಾಕು. ನಗರದ ಸಾವಯವ ಅಂಗಡಿಗಳಿಗೆ ಕೊಡುವುದಾದರೆ ಪಿಜಿಎಸ್ ಗುಂಪು, ಆ ಗುಂಪಿನದೇ ಆಲೆಮನೆ, ಪೊಟ್ಟಣವೂ ಗುಂಪಿನಲ್ಲೇ. ಕಂಪನಿಗೆ ಅಥವಾ ಹೊರದೇಶಕ್ಕೆ ಎಂದರೆ ಮಾತ್ರ ಎನ್‌ಪಿಒಪಿ, ಅದರ ಜೊತೆ ದೃಢೀಕೃತ ಘಟಕ.

ಮೊದಲ ಹೆಜ್ಜೆ ಹೋಬಳಿಯ ರೈತ ಸಂಪರ್ಕ ಕೇಂದ್ರ. ಪಹಣಿ, ಆಧಾರ್, ಬ್ಯಾಂಕ್ ಪುಸ್ತಕದ ಜೊತೆ ಫ್ರೂಟ್ಸ್ ಐಡಿ (ರಾಜ್ಯದ ರೈತ ನೋಂದಣಿ ಸಂಖ್ಯೆ) ಒಯ್ಯಿರಿ, ಅದಿಲ್ಲದೆ ರಾಜ್ಯದಲ್ಲಿ ಕೃಷಿ ಸಹಾಯಧನದ ಕೆಲಸ ಮುಂದೆ ಹೋಗುವುದಿಲ್ಲ. ಗುಂಪಿಗೆ ಸೇರಿ ಎಂದು ಅಲ್ಲಿ ಹೇಳಿದರೆ ಸಹಿ ಹಾಕುವ ಮುಂಚೆ ಮೂರು ಪ್ರಶ್ನೆ ಕೇಳಿ. ಪ್ರಮಾಣಪತ್ರ ಯಾರ ಹೆಸರಿನಲ್ಲಿ ಬರುತ್ತದೆ? ನಮ್ಮೂರ ಆಲೆಮನೆ ಅದರೊಳಗೆ ಬರುತ್ತದೆಯೋ ಇಲ್ಲವೋ? ನಾಲ್ಕನೇ ವರ್ಷದ ತಪಾಸಣೆಯ ಶುಲ್ಕ ಕಟ್ಟುವವರು ಯಾರು?